ಅಂಗೈ ಅಗಲದ ಗಣಕಯಂತ್ರ ಮತ್ತು ತೋಟದ ನೀರು



ಹೂಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೆ ಒಂದು ಸರದಿಯ ನೀರು ಎಷ್ಟು ಬೆಲೆಯುಳ್ಳದ್ದೆಂದು ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಭಾಗದ ನಿಂಬೆ ಬೆಳೆಗಾರರಿಗೆ ಈ ಚಿಂತೆ ಪ್ರತಿ ವರ್ಷದ್ದು. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಗಿಡ ಉಳಿಯುವುದು ಬಾವಿ, ಕೊಳವೆಬಾವಿಯ ನೀರಿನಿಂದ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕೃಷ್ಣೆಯ ಕಾಲುವೆಗಳಿದ್ದರೂ ನೀರಿಗೆ ಸರದಿ ಕಾಯಲೇಬೇಕು.

ಪಂಪಿಗೆ ಆಟೋ ಸ್ಟಾರ್ಟರ್ ಹಾಕಿಸಿದವರು ಹಲವರಿದ್ದಾರೆ. ತ್ರೀಫೇಸ್ ವಿದ್ಯುತ್ ಬಂದ ಕೂಡಲೇ ಅದು ಪಂಪನ್ನು ನಡೆಸುತ್ತದೆ, ನೆಲ ಹಸಿಯಾಗಿದೆಯೇ ಒಣಗಿದೆಯೇ ಎಂದು ನೋಡುವುದಿಲ್ಲ. ನೋಡಿ ನಡೆಸಬಲ್ಲ ಸಾಧನವೊಂದನ್ನು ಇಲ್ಲಿ ಪರಿಚಯಿಸುತ್ತೇವೆ.

ಇದು ಒಂದೇ ಹಲಗೆಯ ಮೇಲೆ ಕೂಡಿಸಿದ ಗಣಕಯಂತ್ರ, ಅಂದರೆ ಸಿಂಗಲ್ ಬೋರ್ಡ್ ಕಂಪ್ಯೂಟರ್. 2013ರಲ್ಲಿ 45 ಡಾಲರಿಗೆ ಬಿಡುಗಡೆಯಾದ ಬೀಗಲ್‌ಬೋನ್ ಬ್ಲ್ಯಾಕ್ ಇದಕ್ಕೊಂದು ಉದಾಹರಣೆ. ಗಾತ್ರ ಅಂಗೈಯಷ್ಟು, ನಡೆಯಲು 5 ವೋಲ್ಟ್ ಸಾಕು. ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಾವೇ ತಯಾರಿಸಬಹುದು. ಅದರಲ್ಲಿ ನಡೆಯುವ ಲಿನಕ್ಸ್ ತಂತ್ರಾಂಶವೂ ಹೀಗೆಯೇ ಮುಕ್ತ.

ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಸಾಮಾನ್ಯ ಜನರಿಗಾಗಿ 'ಸಿಂಪ್ಯೂಟರ್' ಎಂಬ ಕೈಗಣಕವನ್ನು ರೂಪಿಸಿ, ಅದರ ನಕ್ಷೆಗೂ ಮುಕ್ತ ಪರವಾನಗಿ ಕೊಟ್ಟಿದ್ದರು. 2004ರಲ್ಲಿ ಬಿ.ಇ.ಎಲ್. ಕಾರ್ಖಾನೆಯ ಸಹಯೋಗದಲ್ಲಿ ಅದು ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗದೆ ನಿಂತುಹೋಯಿತು.

ತೋಟದಲ್ಲಿ ಇದರ ಕೆಲಸ ಹೀಗೆ: ಬೇರಿನ ಆಳದಲ್ಲಿ ಹೂಳಿದ ತೇವಮಾಪಕ ಮಣ್ಣಿನ ಹಸಿಯನ್ನು ಹಲಗೆಗೆ ತಿಳಿಸುತ್ತದೆ. ನಾವು ಗೊತ್ತುಮಾಡಿದ ಮಟ್ಟಕ್ಕಿಂತ ತೇವ ಕಡಿಮೆಯಿದ್ದು ವಿದ್ಯುತ್ತೂ ಇದ್ದರೆ, ಹಲಗೆಯು ರಿಲೇ ಮೂಲಕ ಸ್ಟಾರ್ಟರನ್ನು ಎಳೆಯುತ್ತದೆ. ನೆಲ ನೆನೆದ ಮೇಲೆ ಬಿಡುತ್ತದೆ.

ನಕ್ಷೆ ಮುಕ್ತವಾಗಿದ್ದರೆ ರೈತನಿಗೇನು ಲಾಭವೆಂದು ಕೇಳಬಹುದು. ನಿಂಬೆಗೆ ಕೆಲಕಾಲ ನೀರು ತಡೆದು, ಬಳಿಕ ಕೊಟ್ಟು ಹೂ ಬಿಡಿಸುವ 'ಬಹಾರ' ಪದ್ಧತಿಯುಂಟು. ಕಾಫಿಯ ಮೊಗ್ಗಿಗೂ ಮೊದಲು ಒಣಹವೆ ಬೇಕು, ಆಮೇಲೆ ನೀರು. ಒಣ ನೆಲ ಕಂಡಾಗಲೆಲ್ಲ ನೀರು ಬಿಡುವ ಯಂತ್ರ ಇಂಥ ಹೊತ್ತಿನಲ್ಲಿ ಫಸಲನ್ನೇ ಕೆಡಿಸೀತು. ಎರೆ ಭೂಮಿಯ ಲೆಕ್ಕ ಜಂಬಿಟ್ಟಿಗೆ ಮಣ್ಣಿಗೆ ಹೊಂದುವುದೂ ಇಲ್ಲ. ಆದ್ದರಿಂದ ಯಂತ್ರದೊಳಗಿನ ನಿಯಮವನ್ನು ಬದಲಿಸುವ ಅಧಿಕಾರ ಬೆಳೆಗಾರನ ಕೈಯಲ್ಲಿರಬೇಕು. ಬೀಗ ಹಾಕಿದ ಪೆಟ್ಟಿಗೆಯಾದರೆ ಪ್ರತಿ ಬದಲಾವಣೆಗೂ ಮಾರಿದವನನ್ನೇ ಕಾಯಬೇಕು. ಮುಕ್ತ ಹಲಗೆಯಾದರೆ ಊರಿನ ಡಿಪ್ಲೊಮಾ ಓದಿದ ಹುಡುಗನೇ ಸರಿಪಡಿಸಿಯಾನು.

ಎಚ್ಚರಿಕೆಯ ಮಾತು: ಹಲಗೆಯ ಸಂಕೇತ ತಂತಿಗಳು 3.3 ವೋಲ್ಟಿನವು, ಮಾಪಕದ ಅನಲಾಗ್ ತಂತಿಗಳು ತಡೆಯುವುದು 1.8 ವೋಲ್ಟ್ ಮಾತ್ರ. ಪಂಪಿನದು 415 ವೋಲ್ಟ್. ರಿಲೇ ಜೋಡಣೆಯನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿರಿ. ಫೇಸ್ ತಪ್ಪಿದಾಗ, ನೀರಿಲ್ಲದೆ ಓಡಿದಾಗ ಮೋಟಾರು ನಿಲ್ಲಿಸುವ ರಕ್ಷಣೆಯನ್ನು ತೆಗೆಯಬೇಡಿರಿ. ಹಲಗೆಯನ್ನು ಮಳೆ, ಇರುವೆ ತಾಗದ ಪೆಟ್ಟಿಗೆಯಲ್ಲಿಡಿರಿ.

ನೆರೆಯ ನಾಲ್ಕಾರು ಮಂದಿ ಕೂಡಿ ಮೊದಲು ಒಂದು ತೋಟದಲ್ಲಿ, ಒಂದು ಬೇಸಿಗೆ ಪರೀಕ್ಷಿಸಿ ನೋಡುವುದು ಲೇಸು.