ಬಿರುಬೇಸಿಗೆಯಲ್ಲಿ ಒಂದು ಉರುಳಿ ಹೂವು

ಕೊಯ್ದ ದಾಸವಾಳಕ್ಕೆ ನೀರು ಬೇಕಿಲ್ಲ. ಹೂದಾನಿಯಲ್ಲಿಟ್ಟರೂ ಅಷ್ಟೇ, ಒಣ ತಟ್ಟೆಯಲ್ಲಿಟ್ಟರೂ ಅಷ್ಟೇ. ಬೆಳಿಗ್ಗೆ ಅರಳಿದ್ದು ಸಂಜೆಗೆ ಸುರುಟಿಕೊಳ್ಳುತ್ತದೆ. ಅದರ ಆಯುಸ್ಸೇ ಒಂದು ಹಗಲು. ಬೆಂಗಳೂರಿನ ತ್ಯಾಗರಾಜನಗರದ ಹಳೇ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ಏಪ್ರಿಲ್ ತಿಂಗಳ ಹೂಜೋಡಣೆ ಶುರು ಮಾಡುವುದೇ ಈ ಲೆಕ್ಕದಿಂದ. ಯಾವ ಹೂವಿಗೆ ನೀರು ಬೇಕು, ಯಾವುದಕ್ಕೆ ಬೇಡ, ಯಾವುದಕ್ಕೆ ಅಂಗೈಯಷ್ಟು ಸಾಕು ಅನ್ನುವುದು ಗೊತ್ತಿದ್ದರೆ ಟ್ಯಾಂಕರ್ ಕಾಯುವ ಬೀದಿಯಲ್ಲೂ ಮನೆಯ ಹೂವಿನಿಂದಲೇ ಹಜಾರ ತುಂಬಿಸಬಹುದು ಎನ್ನುತ್ತಾರೆ. ತುಂಬಿಸಿಯೂ ಇದ್ದಾರೆ.

ದಾಸವಾಳಕ್ಕೆ ಅವರದೊಂದು ಉಪಾಯವಿದೆ. ಸಂಜೆ ಮನೆಗೆ ಯಾರಾದರೂ ಬರುವವರಿದ್ದರೆ, ಬೆಳಿಗ್ಗೆ ಆಗಷ್ಟೇ ಬಿಚ್ಚಿಕೊಂಡ ಹೂವುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ ಫ್ರಿಜ್ಜಿನಲ್ಲಿಡುತ್ತಾರೆ. ದೀಪ ಹಚ್ಚುವ ಹೊತ್ತಿಗೆ ತೆಗೆದರೆ ಊಟದ ಹೊತ್ತಿನವರೆಗೂ ಅರಳಿಕೊಂಡೇ ಇರುತ್ತವೆ. ಅವನ್ನು ಹಿತ್ತಾಳೆ ಹರಿವಾಣದಲ್ಲಿ, ಮಾವಿನ ಕೆಂಪು ಚಿಗುರಿನ ಮೇಲೆ ಸುಮ್ಮನೆ ಇಡುತ್ತಾರೆ. ಒಂದು ತೊಟ್ಟು ನೀರಿಲ್ಲ.

ಉಳಿದ ಹೂವುಗಳಿಗೆ ಸಮಯವೇ ಮುಖ್ಯ. ಬೆಳಗಿನ ಆರು ಗಂಟೆ ಮೀರಿದರೆ ಅವರು ಕತ್ತರಿ ಮುಟ್ಟುವುದಿಲ್ಲ. ರಾತ್ರಿಯಿಡೀ ಬೇರು ಎಳೆದುಕೊಂಡ ನೀರು ಆ ಹೊತ್ತಿಗೆ ಕಾಂಡದ ತುಂಬ ಇರುತ್ತದೆ. ಬಿಸಿಲೇರಿದ ಮೇಲೆ ಬೇರು ಕೊಡುವುದಕ್ಕಿಂತ ಎಲೆ ಕಳೆದುಕೊಳ್ಳುವುದೇ ಹೆಚ್ಚು. ಆಗ ಕೊಯ್ದ ಕಡ್ಡಿ ಬಾಯಾರಿಯೇ ಒಳಗೆ ಬರುತ್ತದೆ. ಕತ್ತರಿಸಿದ ತುದಿಯಿಂದ ಗಾಳಿ ನುಗ್ಗಿದರಂತೂ ಎಷ್ಟು ನೀರಲ್ಲಿಟ್ಟರೂ ಮೇಲೇರದು. ಅದಕ್ಕೇ ಬಕೆಟ್ಟನ್ನು ಗಿಡದ ಬುಡಕ್ಕೇ ಒಯ್ಯುತ್ತಾರೆ. ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ತಕ್ಷಣ ಮುಳುಗಿಸಬೇಕು, ನೀರಿನೊಳಗೆ ಬರುವ ಎಲೆಗಳನ್ನೆಲ್ಲ ಕಿತ್ತುಬಿಡಬೇಕು. ಎಲೆ ಕೊಳೆತರೆ ನೀರು ಲೋಳೆಗಟ್ಟಿ ಕಾಂಡದ ಬಾಯಿ ಮುಚ್ಚುತ್ತದೆ.

ಕಾಗದದ ಹೂವನ್ನು ಅವರು ಹದ ಮಾಡುವುದನ್ನು ನೋಡಬೇಕು. ನೀರು ಕಡಿಮೆಯಾದಷ್ಟೂ ಮೈತುಂಬ ಬಣ್ಣ ತಳೆಯುವ ಬಳ್ಳಿ ಇದು, ಬೇಸಿಗೆಗೆಂದೇ ಹುಟ್ಟಿದ್ದು. ಆದರೆ ಕೊಯ್ದ ಅರ್ಧ ಗಂಟೆಯಲ್ಲಿ ತಲೆ ಬಾಗಿಸುತ್ತದೆ ಎಂದು ಬಹಳ ಜನ ಇದನ್ನು ಮನೆಯೊಳಗೆ ತರುವುದಿಲ್ಲ. ಅವರು ಮೊದಲು ಮುಳ್ಳು ಸವರಿ, ಒಂದೂ ಬಿಡದಂತೆ ಹಸಿರೆಲೆಗಳನ್ನು ಕಿತ್ತುಹಾಕಿದರು. ಆಮೇಲೆ ಇಡೀ ರೆಂಬೆಯನ್ನು ಹೂವಿನ ಸಮೇತ ಅಗಲ ಬೇಸಿನ್ನಿನಲ್ಲಿ ಮಲಗಿಸಿ ಮುಳುಗಿಸಿದರು. ‘ಅದರ ಪಾಡಿಗೆ ಬಿಡಿ, ಕಾಫಿ ಕುಡಿದು ಬರೋಣ’ ಎಂದರು. ಕಾಫಿ ಮುಗಿಸಿ ಬಂದು ಎತ್ತಿದಾಗ ರೆಂಬೆ ಬಿಲ್ಲಿನ ಹಾಗೆ ಬಿಗಿಯಾಗಿತ್ತು. ನಾವು ಹೂವೆಂದುಕೊಳ್ಳುವ ನೇರಳೆ ಎಸಳುಗಳು ನಿಜಕ್ಕೂ ಬಣ್ಣ ಬಂದ ಎಲೆಗಳು. ಅವುಗಳ ನಡುವೆ ಇರುವ ಬಿಳಿಯ ಪುಟ್ಟ ಕೊಳವೆಯೇ ಹೂವು. ಅದನ್ನು ಬೆರಳ ತುದಿಯಲ್ಲಿ ತೋರಿಸಿ, ‘ಇದು ಉದುರಿದ ಮೇಲೂ ಬಣ್ಣ ಉಳಿಯುತ್ತೆ ನೋಡಿ’ ಎಂದರು.

ರೆಂಬೆ ನಿಲ್ಲಿಸಲು ಅಂಗಡಿಯ ಹಸಿರು ಫೋಮನ್ನು ಅವರು ಬಳಸುವುದಿಲ್ಲ. ಅದು ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಮಣ್ಣಾಗದು. ಬದಲಿಗೆ ಬಾಳೆದಿಂಡಿನ ಗೇಣುದ್ದದ ತುಂಡು. ಮೊಳೆಯಲ್ಲಿ ತೂತು ಮಾಡಿ ಕಡ್ಡಿ ಚುಚ್ಚಿದರೆ ಅಲ್ಲಾಡದೆ ನಿಲ್ಲುತ್ತದೆ. ದಿಂಡಿನ ತೇವವೇ ಕಡ್ಡಿಗೆ ಆಸರೆ. ಬಾಡಿದ ಮೇಲೆ ಎಲ್ಲವೂ ಗೊಬ್ಬರದ ಗುಂಡಿಗೆ. ಕಣಗಿಲೆ ಒಂದರ ವಿಷಯದಲ್ಲಿ ಮಾತ್ರ ಬಲು ಎಚ್ಚರ. ಅದರ ಹಾಲು, ಎಲೆ, ಅದನ್ನಿಟ್ಟ ನೀರು ಎಲ್ಲವೂ ವಿಷ. ಮಕ್ಕಳಿಗೆ ಎಟುಕದ ಕಡೆ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಊಟದ ಮೇಜಿನ ಮೇಲಂತೂ ಇಡುವುದೇ ಇಲ್ಲ.

ಸಂಜೆಗೆ ಉರುಳಿ ಎಂಬ ಅಗಲ ಬಾಯಿಯ ಪಾತ್ರೆಯಲ್ಲಿ ಎರಡು ಬೆರಳಿನಷ್ಟು ನೀರು. ಅಂಚಿಗೆ ನಂದಿಬಟ್ಟಲು, ನಡುವೆ ದೇವಕಣಗಿಲೆ, ಸಂದಿಯಲ್ಲೆಲ್ಲ ಮಲ್ಲಿಗೆ ಮೊಗ್ಗು. ಮಲ್ಲಿಗೆಗೆ ಬೇಸಿಗೆಯೇ ಸುಗ್ಗಿ. ಬೆಳಿಗ್ಗೆ ಬಿಡಿಸಿದ ಮೊಗ್ಗು ಕತ್ತಲಾಗುತ್ತಿದ್ದಂತೆ ನೀರಿನ ಮೇಲೆಯೇ ಬಿರಿಯುತ್ತದೆ, ಜೋಡಣೆ ತಾನಾಗಿಯೇ ರೂಪ ಬದಲಿಸುತ್ತದೆ. ಮರುದಿನ ಆ ನೀರು ಸೀದಾ ಮಲ್ಲಿಗೆ ಬುಡಕ್ಕೆ. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು ಕುಂಡಗಳಿಗೆ. ನಿತ್ಯಪುಷ್ಪಕ್ಕೆ ಅದೂ ಬೇಡ.

ಈ ವಿದ್ಯೆ ಅವರಿಗೆ ಒಲಿದದ್ದು ಲಾಲ್‌ಬಾಗಿನಿಂದ. ಆ ತೋಟವನ್ನು ಬೆಳೆಸಿದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ 1908ರಲ್ಲಿ ಬರೋಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದರು; ಅಲ್ಲಿನ ಫಲಪುಷ್ಪ ಪ್ರದರ್ಶನಕ್ಕೆ ಕೈಜೋಡಿಸುವ ಮೈಸೂರು ಉದ್ಯಾನ ಕಲಾ ಸಂಘ 1912ರಲ್ಲಿ ಶುರುವಾಯಿತು. ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಗಿಡ ಹಾಕಿಸಿದ್ದು ಇದೇ ಕ್ರುಂಬಿಗಲ್. ಬೆಂಗಳೂರಿನ ಏಪ್ರಿಲ್‌ ತಿಂಗಳು ಗುಲ್‌ಮೊಹರಿನ ಕೆಂಪಿನಲ್ಲಿ ಕಾಣುವುದು ಆ ಯೋಚನೆಯ ಫಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಜೊತೆಗೆ ಅಲ್ಲಿನ ಮರಿಗೌಡ ಸ್ಮಾರಕ ಭವನದಲ್ಲಿ ಹೂಜೋಡಣೆ ಸ್ಪರ್ಧೆಗಳು ನಡೆಯುತ್ತವೆ. ಜಪಾನಿನ ಇಕೆಬಾನಾ, ಒಣಹೂವಿನ ಜೋಡಣೆಗಳ ಸಾಲಿನಲ್ಲೇ ನಮ್ಮ ಪದ್ಧತಿಯ ‘ಪುಷ್ಪಭಾರತಿ’ ವಿಭಾಗವೂ ಇದೆ. ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ ಅತ್ತೆಯವರ ಜೊತೆ ಅವನ್ನು ನೋಡಲು ಹೋದ ಈ ಶಿಕ್ಷಕಿ ಮರುವರ್ಷ ಅತ್ತೆಯವರ ಉರುಳಿಯನ್ನೇ ಹೊತ್ತುಕೊಂಡು ಹೋಗಿ ಸ್ಪರ್ಧೆಗಿಟ್ಟರು. ಬಹುಮಾನದ ಮಾತೆತ್ತಿದರೆ, ‘ಅದೆಲ್ಲ ಇರಲಿ ಬಿಡಿ’ ಎಂದು ಗಿಡದ ಮಾತಿಗೆ ತಿರುಗುತ್ತಾರೆ.

ನನಗೆ ಇಲ್ಲೊಂದು ಕೊರತೆ ಕಾಣುತ್ತದೆ. ಲಾಲ್‌ಬಾಗಿನ ಎರಡು ದೊಡ್ಡ ಪ್ರದರ್ಶನಗಳು ಜನವರಿಯಲ್ಲಿ, ಆಗಸ್ಟಿನಲ್ಲಿ. ಒಂದು ಚಳಿಯ ಹೂವಿನ ಕಾಲ, ಇನ್ನೊಂದು ಮಳೆಯದು. ಮಾರ್ಚಿನಿಂದ ಮೇವರೆಗಿನ ಹೂವುಗಳಿಗೆ ವೇದಿಕೆಯೇ ಇಲ್ಲ. ವೇದಿಕೆಯಿಲ್ಲದ ವಿದ್ಯೆಯನ್ನು ಕಲಿಯಲು ಯಾರು ಬರುತ್ತಾರೆ? ಬೇಸಿಗೆಯ ಮದುವೆ ಮಂಟಪಗಳಿಗೆ ಪಾಲಿಹೌಸಿನ ಜರ್ಬೆರಾ, ಕಾರ್ನೇಷನ್ ಬರುತ್ತವೆ. ಹನಿ ನೀರಾವರಿ, ನೆರಳುಪರದೆ, ಶೀತಲ ಸಾಗಣೆ ಎಲ್ಲ ದಾಟಿ ಬಂದ ಆ ಹೂವಿನ ಬೆಲೆಯಲ್ಲಿ ನೀರಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ. 2024ರ ಮಾರ್ಚಿನಲ್ಲಿ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಎಷ್ಟೋ ಮನೆಗಳವರು ಕುಂಡಗಳನ್ನೇ ತೆಗೆದುಬಿಟ್ಟರು. ಈ ಶಿಕ್ಷಕಿಯ ತೋಟದಲ್ಲಿ ಆ ವರ್ಷ ಹೋದದ್ದು ಎರಡು ಗುಲಾಬಿ ಗಿಡ ಮಾತ್ರ. ನೀರಿಲ್ಲದ ನಗರಕ್ಕೆ ಹೇಳಿಕೊಡಬೇಕಾದ ಪಾಠ ಇದೇ ಅಲ್ಲವೇ? ಮೇ ತಿಂಗಳಲ್ಲಿ ಒಂದೇ ಒಂದು ದಿನ, ಮನೆಯಂಗಳದ ಹೂವು ಮಾತ್ರ ಎಂಬ ಕರಾರಿನಲ್ಲಿ, ಲಾಲ್‌ಬಾಗಿನ ಆ ಭವನ ತೆರೆದರೆ ಸಾಕು.

ಅಂಥ ದಿನ ಬರುವಷ್ಟರಲ್ಲಿ ಈ ತೋಟ ಇರುವುದಿಲ್ಲ. ಮನೆಯನ್ನು ಬಿಲ್ಡರಿಗೆ ಕೊಡುವುದೆಂದು ಮಕ್ಕಳೆಲ್ಲ ಕೂತು ತೀರ್ಮಾನಿಸಿದ್ದಾರೆ; ಅಮ್ಮನ ಪಾಲಿಗೆ ಬರುವುದು ಮೂರನೇ ಮಹಡಿ, ಪೂರ್ವದ ಬಾಲ್ಕನಿ. ದಾಸವಾಳದ ಕಡ್ಡಿಗಳನ್ನು ಅಕ್ಕಪಕ್ಕದವರು ಕೇಳಿಟ್ಟಿದ್ದಾರೆ. ಮಲ್ಲಿಗೆ ಬಳ್ಳಿಯನ್ನು ಬಗ್ಗಿಸಿ ಮಣ್ಣು ಮುಚ್ಚಿ ಬೇರು ಬರಿಸುತ್ತಿದ್ದಾರೆ, ಮಳೆ ಹಿಡಿದ ಮೇಲೆ ಬಂದು ಒಯ್ಯಿರೆಂದು ನನಗೂ ಹೇಳಿದ್ದಾರೆ. ದೇವಕಣಗಿಲೆಯ ಕೊಂಬೆಯನ್ನು ಕತ್ತರಿಸಿ, ಹಾಲು ಆರಲೆಂದು ಒಂದು ವಾರ ನೆರಳಲ್ಲಿಟ್ಟು ನೆಟ್ಟರೆ ಚಿಗುರುತ್ತದೆ. ಆದರೆ ಅದು ಮರ, ನೆಲ ಕೇಳುತ್ತದೆ. ಅದನ್ನು ಒಯ್ಯುತ್ತೇವೆಂದು ಈ ಬೀದಿಯಲ್ಲಿ ಇದುವರೆಗೆ ಯಾರೂ ಹೇಳಿಲ್ಲ.