ಹುರಿಹಿಟ್ಟಿನ ಚಾಕೊಲೇಟ್ ಉಂಡೆ

ಪ್ರಶ್ನೆ: ಓವನ್ ಇಲ್ಲ, ಹಾಲು-ತುಪ್ಪ ಬೇಡ. ಮನೆಯಲ್ಲೇ ಚಾಕೊಲೇಟ್ ಟ್ರಫಲ್ ಮಾಡಬಹುದೇ?

ಉತ್ತರ: ಖಂಡಿತ. ಮಾಗಡಿ, ಕನಕಪುರ ಕಡೆಯ ರಾಗಿ ಹುರಿಹಿಟ್ಟು ಇದಕ್ಕೆ ಹೇಳಿ ಮಾಡಿಸಿದ್ದು. ನೀರು ಚಿಮುಕಿಸಿದ ರಾಗಿ ಕಾದ ಬಾಣಲೆಗೆ ಬಿದ್ದರೆ ಒಳಗಿನ ತೇವ ಆವಿಯಾಗಿ ಕಾಳು ಅರಳುತ್ತದೆ. ಅದನ್ನು ಬೀಸಿದ ಹಿಟ್ಟು ಆಗಲೇ ಬೆಂದಿರುತ್ತದೆ. ಮುದ್ದೆಯ ಹಿಟ್ಟು ಬೇಡ, ಹಸಿವಾಸನೆ ಉಳಿಯುತ್ತದೆ. ಕೆಲವರು ನೀರಿನ ಬದಲು ಮಜ್ಜಿಗೆ ಚಿಮುಕಿಸುತ್ತಾರೆ. ಹಾಲಿನಂಶ ಬೇಡವಾದ್ದರಿಂದ, ಕೊಂಡು ತರುವುದಾದರೆ ಕೇಳಿಕೊಳ್ಳಿ.

12 ಮೆತ್ತನೆ ಖರ್ಜೂರವನ್ನು ಬೀಜ ತೆಗೆದು ಬಿಸಿನೀರಲ್ಲಿ 10 ನಿಮಿಷ ನೆನೆಸಿ, ಬಸಿದು ರುಬ್ಬಿ. ಅರ್ಧ ಲೋಟ ಹುರಿಹಿಟ್ಟು, 2 ಚಮಚ ಸಿಹಿಯಿಲ್ಲದ ಕೋಕೋ ಪುಡಿ, 1 ಚಮಚ ಕೊಬ್ಬರಿ ಎಣ್ಣೆ ಹಾಕಿ ನಾದಿ. ಚಿಟಿಕೆ ಉಪ್ಪು ಮರೆಯಬೇಡಿ, ಕೋಕೋದ ಕಹಿ ತಗ್ಗುವುದು ಅದರಿಂದಲೇ. ಅಂಗೈಗೆ ಅಂಟಿದರೆ ಇನ್ನಷ್ಟು ಹಿಟ್ಟು, ಬಿರಿದರೆ ಎರಡು ಹನಿ ನೀರು. ಪುಟ್ಟ ಉಂಡೆ ಕಟ್ಟಿ ಒಣಕೊಬ್ಬರಿ ತುರಿಯಲ್ಲಿ ಹೊರಳಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹಸಿ ತೆಂಗಿನತುರಿಯಾದರೆ ಬೇಗ ಹಳಸುತ್ತದೆ.

ಕೋಕೋ ಪರದೇಶದ್ದೇ ಆಗಬೇಕಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ ಅದು ಬೆಳೆಯುತ್ತದೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯೂ ಇದೆ. ರಾಗಿಯ ಕ್ಯಾಲ್ಸಿಯಂ, ಖರ್ಜೂರದ ನಾರು ಎರಡೂ ಒಳ್ಳೆಯವೇ, ಆದರೆ ಖರ್ಜೂರದ ಸಿಹಿಯೂ ಸಕ್ಕರೆಯೇ. ಮಕ್ಕಳಿಗೆ ಒಮ್ಮೆಗೆ ಎರಡು ಸಾಕು.