ಬನ್ನೇರುಘಟ್ಟದ ಕರಡಿಗಳು

ಬೇಸಗೆಯ ರಜೆಯಲ್ಲಿ ಊರಿಗೆ ಹೊರಡುವ ನಮ್ಮ ಮುಂಬಯಿ ಕನ್ನಡಿಗರು ಬೆಂಗಳೂರಿನಲ್ಲಿ ಒಂದೆರಡು ದಿನ ತಂಗಿದರೆ, ಮಕ್ಕಳ ಹಟಕ್ಕಾಗಿಯಾದರೂ ಬನ್ನೇರುಘಟ್ಟವನ್ನು ನೋಡಿಯೇ ಬರುತ್ತಾರೆ. ಹುಲಿ ಸಿಂಹಗಳ ವರ್ಣನೆಯನ್ನು ಅವರಿಂದ ಬೇಕಾದಷ್ಟು ಕೇಳಿದ್ದೇವೆ. ಅದೇ ಉದ್ಯಾನದ ಆವರಣದಲ್ಲಿ 2005ರಿಂದ ನಡೆಯುತ್ತಿರುವ ಕರಡಿಗಳ ಪುನರ್ವಸತಿ ಕೇಂದ್ರದ ವಿಚಾರ ಹೇಳಿದವರು ಮಾತ್ರ ಕಡಮೆ. ಕಳೆದ ರಜೆಯಲ್ಲಿ ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಹೋದಾಗ, ಮುಂಚಿತವಾಗಿ ಅನುಮತಿ ಪಡೆದು, ಸಂಸಾರಸಮೇತ ಅಲ್ಲಿಗೆ ಹೋಗಿದ್ದೆ.

ಹಿರಿಯ ವಾಚಕರಿಗೆ ಕರಡಿ ಕುಣಿಸುವವರ ನೆನಪಿರಬೇಕು. ಡಮರುಗದ ಸದ್ದು ಕೇಳಿದರೆ ಕೇರಿಯ ಹುಡುಗರೆಲ್ಲ ಬೀದಿಯಲ್ಲಿ! ಬೆದರುವ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿ, ಅದರ ಕೂದಲನ್ನು ತಾಯಿತದಲ್ಲಿ ಕಟ್ಟಿದರೆ ಅಂಜಿಕೆ ಬಿಡುವುದೆಂದು ಅಜ್ಜಿಯರ ನಂಬಿಕೆ. ಆ ಕುಣಿತ ಕಲಿಸುತ್ತಿದ್ದ ಬಗೆ ಮಾತ್ರ ಘೋರವಾದುದು. ತಾಯಿಯನ್ನು ಕೊಂದು ಮರಿಯನ್ನು ಕಾಡಿನಿಂದ ತರುತ್ತಿದ್ದರು. ಕಾದ ಕಬ್ಬಿಣದಿಂದ ಮೂತಿಯನ್ನು ತೂತುಮಾಡಿ ಹಗ್ಗ ಪೋಣಿಸಿ, ಹಲ್ಲು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗ ನೋವು ತಾಳಲಾರದೆ ಪ್ರಾಣಿ ಎದ್ದು ನಿಲ್ಲುತ್ತಿತ್ತು.

ಕೇಂದ್ರದಲ್ಲಿ ಅವಕ್ಕೆ ಮರದ ನೆರಳುಂಟು, ಹೊತ್ತಿಗೆ ಸರಿಯಾಗಿ ಗಂಜಿ, ಹಣ್ಣು ಉಂಟು. ಟೊಳ್ಳು ದಿಮ್ಮಿಗೆ ಜೇನು ಸವರಿಟ್ಟರೆ ಉದ್ದನೆಯ ಉಗುರುಗಳಿಂದ ಕೆದಕಿ ನೆಕ್ಕುತ್ತವೆ; ಹುತ್ತ ಅಗೆದು ಗೆದ್ದಲನ್ನು ಹೀರುವ ಜಾತಿಯಲ್ಲವೆ? ಆದರೆ ಕಾಡಿಗೆ ಮರಳಿಸುವಂತಿಲ್ಲ. ಹಲ್ಲಿಲ್ಲ; ತಾಯಿಯಿಂದ ಕಲಿಯಬೇಕಾದುದನ್ನು ಕಲಿತಿಲ್ಲ; ಕೆಲವಕ್ಕೆ ಕ್ಷಯ. ಒಂದರ ಮೂತಿಯ ಕಲೆಯನ್ನು ನೋಡುತ್ತ ನಿಂತಿದ್ದ ನನ್ನ ಮಗಳು, “ಅಪ್ಪಾ, ಇದನ್ನು ಕುಣಿಸುತ್ತಿದ್ದವರು ಈಗ ಹೊಟ್ಟೆಗೇನು ಮಾಡುತ್ತಾರೆ?” ಎಂದಳು.

ಕೇಳಬೇಕಾದ ಪ್ರಶ್ನೆಯೇ. ಕರಡಿ ಕುಣಿಸುವುದನ್ನು ನಿಷೇಧಿಸಿದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಕುಣಿಯುವ ಕರಡಿಗಳಲ್ಲಿ ಕೊನೆಯದೆನಿಸಿದ ‘ರಾಜು’ ಇದೇ ಬನ್ನೇರುಘಟ್ಟಕ್ಕೆ ಬಂದದ್ದು 2009ರ ಡಿಸೆಂಬರಿನಲ್ಲಿ. ನಡುವೆ 37 ವರುಷ! ಕಡತಗಳ ಮಧ್ಯೆಯೇ ದಿನ ಕಳೆಯುವ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಕರಡಿಯನ್ನು ಕಸಿದುಕೊಂಡರೆ ಇಡುವುದೆಲ್ಲಿ? ಮರುದಿನ ಆ ಮನೆಯ ಒಲೆ ಉರಿಯುವುದು ಹೇಗೆ? ತಲೆತಲಾಂತರದಿಂದ ಇದೊಂದೇ ಕಸುಬನ್ನು ನಂಬಿದ್ದ ಕಲಂದರರು ಇನ್ನೊಂದು ಮರಿಯನ್ನು ಹುಡುಕಿಕೊಂಡು ಹೋಗದೆ ಇನ್ನೇನು ಮಾಡಿಯಾರು?

ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ ಇವರು 1995ರಲ್ಲಿ ಸ್ಥಾಪಿಸಿದ ‘ವೈಲ್ಡ್‌ಲೈಫ್ ಎಸ್‌ಓಎಸ್’ ಸಂಸ್ಥೆ ಅರಣ್ಯ ಇಲಾಖೆಗಳೊಡನೆ ಸೇರಿ ಈ ಗಂಟನ್ನು ಬಿಡಿಸಿತು. ಕರಡಿಯನ್ನು ಒಪ್ಪಿಸಿ, ಮತ್ತೊಂದನ್ನು ತರುವುದಿಲ್ಲವೆಂದು ಬರೆದುಕೊಟ್ಟವರಿಗೆ ಬೇರೆ ಕಸುಬಿಗೆ ಬಂಡವಾಳ ಕೊಟ್ಟರು. ಒಬ್ಬನು ಆಟೋರಿಕ್ಷಾ ಹಿಡಿದರೆ ಇನ್ನೊಬ್ಬನು ಅಂಗಡಿ ಇಟ್ಟನು. ಹೆಂಗಸರು ಹೊಲಿಗೆ ಕಲಿತರು. ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು. ಹೀಗೆ ದೇಶದಲ್ಲಿ 600ಕ್ಕೂ ಹೆಚ್ಚು ಕರಡಿಗಳು ಹಗ್ಗ ಕಳಚಿಕೊಂಡವು. ಬನ್ನೇರುಘಟ್ಟದಂತೆ ಆಗ್ರಾ, ಭೋಪಾಲ, ಪುರುಲಿಯಾಗಳಲ್ಲಿಯೂ ಅವಕ್ಕೆ ನೆಲೆ ದೊರೆಯಿತು.

ಹಗ್ಗವನ್ನೇ ಕಾಣದ ಕರಡಿಗಳನ್ನು ನೋಡಬಯಸುವವರು ಹಂಪಿಯ ಬಳಿಯ ದರೋಜಿ ಕರಡಿಧಾಮಕ್ಕೆ ಹೋಗಬಹುದು. ಅದು 1994ರಲ್ಲಿ ಆದುದು. ಸಂಜೆಯ ಹೊತ್ತು ವೀಕ್ಷಣಾ ಗೋಪುರದಲ್ಲಿ ಕುಳಿತರೆ, ಬಂಡೆಗಳ ನಡುವೆ ಅವು ಇಳಿದು ಬರುವುದು ಕಾಣುತ್ತದಂತೆ. ನಮಗೆ ಈ ಸಲ ರಜೆ ಸಾಲಲಿಲ್ಲ.